ಬಂದ್ ಮಾಡಿದ್ರೂ ಬಂದ್ ಆಗದ್ದು

ನಾರಾಯಣಖೇಡದ ಒಂದು ಮನೆಯಲ್ಲಿ ದಸರೆಗೆ ಸುಣ್ಣ ಹಚ್ಚುವ ಕೆಲಸ ನಡೆದಿತ್ತು. ಸಾಮಾನೆಲ್ಲ ಅಂಗಳಕ್ಕೆ ಬಂದಿತ್ತು, ದೇವರ ಜಗಲಿಯ ಪಕ್ಕದ ಮೂಲೆಯಲ್ಲಿದ್ದ ಇನ್ವರ್ಟರ್ ಮತ್ತು ಅದರ ಬ್ಯಾಟರಿ ಮಾತ್ರ ಅಲ್ಲೇ ಕೂತಿದ್ದವು. ಸುಣ್ಣದವನು ಅದನ್ನು ಮುಟ್ಟುವುದಿಲ್ಲ ಎಂದು ಖಡಾಖಂಡಿತ ಹೇಳಿಬಿಟ್ಟಿದ್ದ. ಮನೆಯ ಹಿರಿಯರು ಲೈನ್‌ಮನ್ ಆಗಿ ನಿವೃತ್ತರಾದವರು. ಅವರ ಅಣ್ಣನ ಮಗ ತಾಂಡೂರಿನಲ್ಲಿ ಸೋಲಾರ್ ಕೂಡಿಸುವ ಕೆಲಸದಲ್ಲಿದ್ದಾನೆ, ಹಬ್ಬಕ್ಕೆ ಬಂದಿದ್ದ. ನಾನು ಬೀದರಿನಿಂದ ಹೋದವನು, ಕಟ್ಟೆಯ ಮೇಲೆ ಕೂತು ಕೇಳುವುದಷ್ಟೇ ನನ್ನ ಪಾಲಿಗೆ ಬಂದದ್ದು. ಈಗ ಗಡಿಯಾಚೆಗಿರುವ ಈ ಊರು, ಅತ್ತ ಜಹೀರಾಬಾದು ಎರಡೂ 1956ರ ನವೆಂಬರ್ 1ರವರೆಗೆ ಬೀದರ್ ಜಿಲ್ಲೆಯವೇ, ತಾಂಡೂರು ಗುಲ್ಬರ್ಗದ್ದು. ಈಗಲೂ ಇಂಥ ಮನೆಗಳ ಒಳಗೆ ಕನ್ನಡ, ಓಣಿಗಿಳಿದರೆ ತೆಲುಗು, ಅಂಗಡಿಗೆ ಹೋದರೆ ದಖನಿ. ಈ ವಿವರ ಯಾಕೆ ಬೇಕಾಯಿತು ಎಂಬುದು ಕೊನೆಗೆ ಗೊತ್ತಾಗುತ್ತದೆ.

ಹುಡುಗ: ಕಾಕಾ, ನೀವು ಕೈ ಹಚ್ಚಬ್ಯಾಡ್ರಿ. ಫೋನ್ ಮಾಡೂಣು. ಮೆಕ್ಯಾನಿಕ್ ಬಂದು ಬಿಚ್ಚತಾನ, ತಿರುಗಿ ಅವನೇ ಕೂಡಸ್ತಾನ.

ಕಾಕಾ: ಎಲ್ಲಿಂದ ಬರ್ತಾನ ಅಂವ?

ಹುಡುಗ: ಸಂಗಾರೆಡ್ಡಿಯಿಂದ. ಇಲ್ಲಂದ್ರ ಹೈದ್ರಾಬಾದಿಂದ.

ಕಾಕಾ: ಅಷ್ಟರಾಗ ಸುಣ್ಣದಂವ ಇನ್ನೊಬ್ಬರ ಮನಿ ಹಿಡೀತಾನ. ಮೂವತ್ತು ವರ್ಷ ಹನ್ನೊಂದು ಸಾವಿರ ವೋಲ್ಟಿನ ತಂತಿ ಹಿಡದಂವ ನಾ. ಹನ್ನೆರಡು ವೋಲ್ಟಿನ ಡಬ್ಬಿ ಬಿಚ್ಚಲಾಕ ಹೈದ್ರಾಬಾದಿನ ಮನಷ್ಯಾ ಬೇಕೇನ್ಲೇ?

ಹುಡುಗ: ತಂತಿ ಹಿಡಿಯೂಕಿಂತ ಮೊದಲ ನೀವು ಏನೇನ್ ಮಾಡ್ತಿದ್ರಿ, ಅದನ್ನ ಹೇಳ್ರಿ.

ಕಾಕಾ: ಸಬ್‌ಸ್ಟೇಷನ್ನಿಗಿ ಹೇಳಿ ಎಲ್‌ಸಿ, ಅಂದ್ರ ಲೈನ್ ಬಂದ್ ಅದ ಅಂಬೋ ಮಂಜೂರಿ, ತಗೋಬೇಕು. ಎಬಿ ಸ್ವಿಚ್ ಬಿಡಸಬೇಕು. ಕರೆಂಟ್ ಇಲ್ಲಂತ ನೋಡಬೇಕು. ಡಿಸ್ಚಾರ್ಜ್ ರಾಡ್ ಹಾಕಿ ಮೂರೂ ತಂತಿ ಭೂಮಿಗಿ ಕೂಡಸಬೇಕು. ಆಮ್ಯಾಲ ಕಂಬ ಹತ್ತಬೇಕು.

ಹುಡುಗ: ಅಂದ್ರ ತಂತಿ ಸತ್ತದ ಅಂತ ಖಾತ್ರಿ ಆದಮ್ಯಾಲ ಮುಟ್ಟತಿದ್ರಿ. ಈ ಡಬ್ಬಿಗಿ ಎಲ್‌ಸಿ ಯಾರು ಕೊಡ್ತಾರ? ಇನ್ವರ್ಟರಿಗಿ ಸ್ವಿಚ್ ಅದ, ಬ್ಯಾಟರಿಗಿ ಇಲ್ಲ. ಬಿಚ್ಚಿ ಅಂಗಳದಾಗ ಇಟ್ರೂ ಅದು ಜೀವಂತೇ ಇರತದ. ಹನ್ನೆರಡು ವೋಲ್ಟು, ನೂರೈವತ್ತು ಆಂಪಿಯರ್-ಅವರ್. ಗುಣಸಿ ನೋಡ್ರಿ, 1,800 ವ್ಯಾಟ್-ಅವರ್. ಒಂದೂ ಮುಕ್ಕಾಲು ಯೂನಿಟ್ಟಿನ ಮ್ಯಾಲ.

ಕಾಕಾ: ಅಷ್ಟು ಕರೆಂಟಿನ ಬಿಲ್ಲಿನಾಗ ಒಂದು ಚಹಾ ಬರಂಗಿಲ್ಲ. ಅದಕ್ಕಿಷ್ಟು ಹೆದರಿಕಿ?

ಹುಡುಗ: ಎಷ್ಟದ ಅಂಬೋದಲ್ಲ ಕಾಕಾ, ಎಷ್ಟು ಲಗೂ ಹೊರಗ ಬರ್ತದ ಅಂಬೋದು. ಮನ್ಯಾಗಿನ ಎಂಸಿಬಿ ಹದಿನಾರೋ ಮೂವತ್ತೆರಡೋ ಆಂಪಿಯರ್ ದಾಟಿದ್ರ ಬೀಳ್ತದ. ಇಲ್ಲಿ ಪಾನಾ ಜಾರಿ ಎರಡೂ ಟರ್ಮಿನಲ್ಲಿಗಿ ಅಡ್ಡ ಬಿತ್ತಂದ್ರ ಸಾವಿರಾರು ಆಂಪಿಯರ್ ಹರೀತದ, ನಡುವ ಬೀಳಲಾಕ ಎಂಸಿಬಿನೇ ಇಲ್ಲ. ಪಾನಾ ಕೆಂಪಗಾಗಿ ಬೆಸಗಿ ಹಾಕ್ದಂಗ ಅಲ್ಲೇ ಹತ್ಕೋತದ. ಶಾಕ್ ಹೊಡೆಯಂಗಿಲ್ಲ, ಖರೆ. ಆದ್ರ ಕೈಯಾಗ ಉಂಗುರ ಇದ್ರ ಬೆರಳ ಉಳಿಯಂಗಿಲ್ಲ.

ಕಾಕಾ ಮಾತಾಡಲಿಲ್ಲ. ಉಂಗುರ ಬೆರಳಿನಿಂದ ಬರಲೊಲ್ಲದು. ಒಳಗೆ ಹೋಗಿ ಸಾಬೂನು ಹಚ್ಚಿ ತೆಗೆದು, ಗಡಿಯಾರವನ್ನೂ ಬಿಚ್ಚಿ ಗೂಡಿನಲ್ಲಿಟ್ಟು ಬಂದರು. ಹುಡುಗ ಇನ್ನೂ ಅವರ ಎದೆಯ ಕಡೆ ನೋಡುತ್ತಲೇ ಇದ್ದ.

ಕಾಕಾ: ಮತ್ತೇನು?

ಹುಡುಗ: ಅಲ್ಲ... ಕೊರಳಾಗಿನ ಕರಡಿಗಿ. ಬೆಳ್ಳಿದು. ನೀವು ಬಗ್ಗಿದ್ರ ನೆಟ್ಟಗ ಟರ್ಮಿನಲ್ ಮ್ಯಾಲೇ ಜೋತಾಡ್ತದ.

ಕಾಕಾ: ಲಿಂಗ ಮೈಮ್ಯಾಲಿಂದ ತಗೀ ಅಂತಿಯೇನು? ಕಂಬದ ಮ್ಯಾಲ ಸೈತ ತಗದಿಲ್ಲ ನಾ.

ಹುಡುಗ: ತಗೀರಿ ಅನ್ನಲ್ಲತ್ತಿಲ್ಲ. ನೀವು ಬಗ್ಗಬ್ಯಾಡ್ರಿ ಅನ್ನಲ್ಲತ್ತೀನಿ.

ಕಾಕು (ಅಡುಗೆಮನೆಯ ಬಾಗಿಲಲ್ಲಿ ನಿಂತು): ಬನೇನ್ ಒಳಗ ಸರಸಿ ಮ್ಯಾಲ ಟವೆಲ್ ಬಿಗಿದು ಕಟ್ಕೋರಿ, ಮುಗೀತು. ತಿಂಗಳ ತಿಂಗಳ ಅದಕ್ಕ ಡಿಸ್ಟಿಲ್ ವಾಟರ್ ಹಾಕಾಕಿ ನಾ. ಬಗ್ಗೂಮೊದಲ ತಾಳಿ ಕುಪ್ಪಸದೊಳಗ ಹಾಕ್ಕೋತೀನಿ. ನನಗ ಯಾರೂ ಹೇಳಿಕೊಟ್ಟಿಲ್ಲ.

ಇನ್ವರ್ಟರಿನ ಜತೆ ಬರುವ ಪುಸ್ತಕದಲ್ಲಿ ಲೋಹದ ಆಭರಣ ತೆಗೆದಿಡಿ ಎಂದು ಒಂದು ಸಾಲು ಇರುತ್ತದೆ. ಅದನ್ನು ಬರೆದವನಿಗೆ ತೆಗೆದಿಡಲು ಬಾರದ ಲೋಹಗಳೂ ಇವೆ ಎಂದು ಹೊಳೆದಿರಲಿಕ್ಕಿಲ್ಲ. ಟವೆಲ್ ಕಟ್ಟಿದ್ದಾಯಿತು. ಕಾಕಾ ಕೈ ಚಾಚಿ ಇನ್ವರ್ಟರಿನ ಮುಂದಿನ ಸ್ವಿಚ್ ಒತ್ತಿದರು.

ಕಾಕಾ: ಬಂದ್ ಆಯ್ತು. ತಾ ಪಾನಾ.

ಹುಡುಗ: ಬಂದ್ ಆಗಿಲ್ಲ. ಬಹಳಷ್ಟು ಇನ್ವರ್ಟರಿನಾಗ ಆ ಸ್ವಿಚ್ ಬ್ಯಾಟರಿಯಿಂದ ಮನಿಗಿ ಹೋಗೋದನ್ನ ಅಷ್ಟೇ ನಿಲ್ಲಸ್ತದ. ಗೋಡಿ ಪ್ಲಗ್ ಇರೂತನಾ ಚಾರ್ಜಿಂಗ್ ನಡದೇ ಇರತದ. ನೀವು ನಟ್ ಸಡ್ಲ ಮಾಡಿದ ಕೂಡ್ಲೇ ಕಿಡಿ ಹಾರತದ.

ಕಾಕಾ: ಹಂಗಾದ್ರ ಮೊದಲ ಪ್ಲಗ್ಗೇ ಕಿತ್ತರಾಯ್ತು.

ಹುಡುಗ: ಅದನ್ನೊಂದೇ ಕಿತ್ತರ, ಕರೆಂಟ್ ಹೋಯ್ತಂತ ತಿಳಕೊಂಡು ಬ್ಯಾಟರಿಯಿಂದ ಮನಿಗಿ ಕರೆಂಟ್ ಕೊಡಲಾಕ ಸುರು ಮಾಡತದ. ಎರಡೂ ಬೇಕು. ಮನ್ಯಾಗಿನ ಫ್ಯಾನ್, ಲೈಟ್ ಎಲ್ಲಾ ಬಂದ್, ಆಮ್ಯಾಲ ಈ ಸ್ವಿಚ್, ಆಮ್ಯಾಲ ಪ್ಲಗ್. ಅದಾದಮ್ಯಾಲ ಒಂದು ಚಹಾ.

ಕಾಕಾ: ಚಹಾ ಯಾಕ?

ಹುಡುಗ: ಒಳಗ ಕೆಪಾಸಿಟರ್ ಇರತಾವ. ಬಂದ್ ಮಾಡಿದ್ರೂ ತಮ್ಮ ಪಾಲಿಂದು ಒಂದಿಷ್ಟು ಹಿಡಕೊಂಡು ಕೂತಿರತಾವ. ಸೋಲಾರ್ ಇನ್ವರ್ಟರಿನ ಮ್ಯಾಲ ಐದು ನಿಮಿಷ, ಹತ್ತು ನಿಮಿಷ ಕಾಯಿರಿ ಅಂತ ಬರದೇ ಇರತದ. ನಾವು ಗಡಿಯಾರ ನೋಡಂಗಿಲ್ಲ, ಚಹಾ ಕುಡೀತೀವಿ. ಇನ್ನೊಂದು, ಚಾರ್ಜ್ ಆಗೂಮುಂದ ಇದು ಹೈಡ್ರೋಜನ್ ಬಿಡತದ. ಗಾಳ್ಯಾಗ ನೂರಕ್ಕ ನಾಲ್ಕು ಪಾಲು ಕೂಡಿದ್ರ ಸಾಕು, ಒಂದು ಕಿಡಿಗಿ ಢಂ ಅಂತದ. ಕಿಡಕಿ ತಗದು ಹಂಗೇ ಬಿಡೂಣು.

ಆಗ ಮೂವರ ಕಣ್ಣೂ ಒಂದೇ ಸಲ ಜಗಲಿಯ ಮೇಲೆ ಹೋದವು. ಬ್ಯಾಟರಿಯಿಂದ ಎರಡು ಮೊಳ ದೂರದಲ್ಲಿ ಎಣ್ಣೆಯ ದೀಪ, ಪಕ್ಕದಲ್ಲಿ ಮುಕ್ಕಾಲು ಉರಿದ ಊದಿನಕಡ್ಡಿ. ಏಳು ವರ್ಷದಿಂದ ಎರಡೂ ಹೀಗೇ ನೆರೆಹೊರೆಯಾಗಿದ್ದವು. ಕಾಕು ಸದ್ದಿಲ್ಲದೆ ದೀಪವನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದರು. ಚಹಾ ಬಂತು.

ಕಾಕಾ: ನೀ ಡಬ್ಬಿ ಒಳಗಿನ ಅಪಾಯ ಹೇಳ್ಲತ್ತಿ. ನಾ ನೋಡಿದ್ದು ಬ್ಯಾರೆ. ಒಂದು ಮದುವಿ ಹಾಲಿನವರು ಚೇಂಜ್‌ಓವರ್ ಸ್ವಿಚ್ಚಿನ ರೊಕ್ಕ ಉಳಸಲಾಕ ಜನರೇಟರಿನ ವಾಯರ್ ತಂದು ಸೀದಾ ಬೋರ್ಡಿಗಿ ಚುಚ್ಚಿದ್ರು. ನಾವು ಲೈನ್ ಬಂದ್ ಮಾಡಿ ಕಂಬದ ಮ್ಯಾಲ ಇದ್ದೀವಿ. ಅವರ ಕರೆಂಟು ಉಲ್ಟಾ ಟ್ರಾನ್ಸ್‌ಫಾರ್ಮರಿಗಿ ಬಂತು. ನಾನೂರು ವೋಲ್ಟು ಅತ್ತಲಾಗಿಂದ ಹೊಕ್ಕರ ಇತ್ತಲಾಗ ಹನ್ನೊಂದು ಸಾವಿರ ಆಗಿ ಹೊರಬೀಳ್ತದ. ಡಿಸ್ಚಾರ್ಜ್ ರಾಡ್ ಹಾಕಿದ್ವಿ, ಅದಕ್ಕ ಈ ಚಹಾ ಕುಡೀಲತ್ತೀನಿ. ಅವತ್ತಿಂದ ನನಗ ಯಾವ ಮನ್ಯಾಗ ಇನ್ವರ್ಟರ್ ನೋಡಿದ್ರೂ ಒಂದೇ ಪ್ರಶ್ನಿ: ಇದು ಯಾರ ಕಡಿ ಮಾರಿ ಮಾಡಿ ಕೂತದ?

ಹುಡುಗ: ಈಗಿನ ಸೋಲಾರ್ ಇನ್ವರ್ಟರ್ ಲೈನಿನಾಗ ಕರೆಂಟ್ ಹೋದ ಕೂಡ್ಲೇ ತಾನೂ ಲೈನಿಗಿ ಕೊಡೋದು ನಿಲ್ಲಸ್ತದ. ಹಂಗ ಮಾಡಿರಲೇಬೇಕು ಅಂತ ಕಾಯ್ದೆನೇ ಅದ.

ಕಾಕಾ: ಕಾಯ್ದೆ ಪ್ರಕಾರ ಕೂಡಿಸಿದ್ದು ನಿಲ್ತದ. ಎರಡೂ ಕಡಿ ಗಂಡು ಪಿನ್ ಹಾಕಿದ ವಾಯರಿಗಿ ಕಾಯ್ದೆ ಓದಲಾಕ ಬರಂಗಿಲ್ಲ.

ಹುಡುಗ: ಅದಕ್ಕೇ ನಾ ಹೇಳೋದು, ಮನಿಯವರು ಕೈ ಹಚ್ಚಬಾರದು ಅಂತ.

ಕಾಕಾ: ಮನಿಯವರಿಗಿ ಗೊತ್ತಿಲ್ಲದಕ್ಕೇ ಹಂಗಾಗ್ತದ ಅಂತೀನಿ ನಾ.

ಇಬ್ಬರೂ ಇಲ್ಲಿಗೇ ಬಂದು ನಿಂತರು. ಆಮೇಲಿನ ಅರ್ಧ ತಾಸು ಇದರ ಸುತ್ತಲೇ ತಿರುಗಿತು. ನನಗೂ ಯಾರ ಕಡೆ ಹೋಗಬೇಕೆಂದು ತಿಳಿಯಲಿಲ್ಲ, ಈಗಲೂ ಪೂರ್ತಿ ತಿಳಿದಿಲ್ಲ.

ಹುಡುಗ: ತಾಂಡೂರಿನಾಗ ಒಂದು ಫರಸಿ ಪಾಲಿಶ್ ಮಿಲ್ಲಿಗಿ ಪ್ಯಾನೆಲ್ ಹಾಕಿದ್ವಿ. ಹತ್ತು ಪ್ಯಾನೆಲ್ ಸಾಲಾಗಿ ಕೂಡಿಸಿದ್ರ ನಾನೂರು ವೋಲ್ಟಿನ ಮ್ಯಾಲ ಬರ್ತದ, ಅದೂ ಡಿಸಿ. ಅಲ್ಲಿನ ಒಬ್ಬಂವ ಕಲ್ಲಿನ ಧೂಳು ತೊಳೀಲಾಕ ಹೋಗಿ, ಬಿಸಲು ಚುರುಗುಡು ಹೊತ್ತಿನಾಗ ಕನೆಕ್ಟರ್ ಜಗ್ಗಿಬಿಟ್ಟ. ಕಿಡಿ ಅಂದ್ರ ಕಿಡಿ ಅಲ್ಲ, ಬೆರಳುದ್ದ ನೀಲಿ ಉರಿ, ಅದು ನಿಲ್ಲಲೊಲ್ದು. ಮನ್ಯಾಗಿನ ಎಸಿ ಕರೆಂಟು ಸೆಕೆಂಡಿಗಿ ನೂರು ಸಲ ಸೊನ್ನಿಗಿ ಬರ್ತದ, ಆ ಸಂದಿನಾಗ ಕಿಡಿ ಆರತದ. ಡಿಸಿಗಿ ಆ ಸಂದೇ ಇಲ್ಲ. ಮೊದಲ ಲೋಡ್ ಇಳಸಬೇಕು, ಆಮ್ಯಾಲ ಡಿಸಿ ಐಸೋಲೇಟರ್ ತಿರುವಬೇಕು, ಕನೆಕ್ಟರ್ ಕಡೀಕ. ಅವನಿಗಿ ಅರ್ಧ ಗೊತ್ತಿತ್ತು. ಏನೂ ಗೊತ್ತಿರಲಿಲ್ಲಂದ್ರ ಮುಟ್ಟತಿರಲಿಲ್ಲ.

ಕಾಕಾ: ಆ ಐಸೋಲೇಟರ್ ಎಲ್ಲದ ಅಂತ ಅವನಿಗಿ ತೋರಿಸಿದ್ರೇನು?

ಹುಡುಗ: ... ಮಾಲಕರಿಗಿ ತೋರಿಸಿದ್ವಿ.

ಕಾಕಾ: ಮಾಲಕ ಮಾಳಿಗಿ ಹತ್ತತಾನೇನು?

ಹುಡುಗ ಉತ್ತರ ಕೊಡದೆ ಬಟ್ಟಲು ಕೆಳಗಿಟ್ಟು ಪಾನಾ ಎತ್ತಿಕೊಂಡ. ಅದರ ಹಿಡಿಗೆ ಕರಿ ಟೇಪು ಸುತ್ತತೊಡಗಿದ. ತುದಿಯ ಒಂದಿಂಚು ಬಿಟ್ಟು ಉಳಿದದ್ದೆಲ್ಲ ಟೇಪಿನ ಒಳಗೆ ಹೋಯಿತು.

ಹುಡುಗ: ಮೊದಲ ಮೈನಸ್ ಬಿಚ್ಚಬೇಕು, ಆಮ್ಯಾಲ ಪ್ಲಸ್. ಕೂಡಸೂಮುಂದ ಉಲ್ಟಾ, ಪ್ಲಸ್ ಮೊದಲ.

ಕಾಕಾ: ಯಾಕ?

ಹುಡುಗ: ಹಂಗೇ ರೂಲು.

ಕಾಕಾ: ರೂಲು ಯಾಕ ಅಂತ ಕೇಳ್ಲತ್ತೀನಿ. ಟ್ರ್ಯಾಕ್ಟರಿನಾಗ ನನಗ ಗೊತ್ತದ. ಜಹೀರಾಬಾದಿನ ಮಹೀಂದ್ರಾ ಫ್ಯಾಕ್ಟರಿಯಿಂದ ಹೊರಬೀಳೂ ಯಾವ ಟ್ರ್ಯಾಕ್ಟರ್ ನೋಡು, ಮೈನಸ್ಸು ಬಾಡಿಗಿ ಕೂಡಿರತದ. ಮೊದಲ ಪ್ಲಸ್ ಬಿಚ್ಚಲಾಕ ಹೋಗಿ ಪಾನಾ ಬಾಡಿಗಿ ತಾಕಿದ್ರ ಸೀದಾ ಶಾರ್ಟ್. ಮೈನಸ್ ತಗದಮ್ಯಾಲ ತಾಕಿದ್ರ ಏನೂ ಇಲ್ಲ. ಆದ್ರ ಇಲ್ಲಿ ಬಾಡಿ ಯಾವುದು? ಪ್ಲಾಸ್ಟಿಕ್ ಟ್ರಾಲಿ. ಇಲ್ಲಿ ಯಾವುದು ಮೊದಲ ಬಿಚ್ಚಿದ್ರೇನು?

ಹುಡುಗ: ಇಲ್ಲಿ ಫರಕ್ ಕಮ್ಮಿ, ಒಪ್ಪತೀನಿ. ಆದ್ರ ಕೈಗಿ ಒಂದೇ ರೂಢಿ ಇರಬೇಕ್ರಿ. ಮನಿಗೊಂದು, ಟ್ರ್ಯಾಕ್ಟರಿಗೊಂದು ರೂಲು ಅಂದ್ರ ಅವಸರದಾಗ ಕೈ ತಪ್ತದ.

ಕಾಕಾ: ಯಾಕ ಅಂತ ಗೊತ್ತಿಲ್ಲದ ಕೈ ಅದಕಿಂತ ಮೊದಲೇ ತಪ್ತದ. ಬಾ ಇಲ್ಲಿ, ಯಾವುದು ಮೈನಸ್ ತೋರಸು.

ಹುಡುಗ ಬಗ್ಗಿ ನೋಡಿದ. ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗಿದ್ದ ಎರಡೂ ವಾಯರ್ ಕಪ್ಪು. ಹಿಂದೆ ಯಾವನೋ ಕೈಗೆ ಸಿಕ್ಕಿದ್ದನ್ನು ಹಾಕಿ ಹೋಗಿದ್ದ. ಒಂದಕ್ಕೆ ಸುತ್ತಿದ್ದ ಕೆಂಪು ಟೇಪು ಬಿಚ್ಚಿ, ಜಾರಿ, ಎರಡರ ನಡುವೆ ಅಂಟಿಕೊಂಡಿತ್ತು. ಹುಡುಗ ಚೀಲದಿಂದ ಮೀಟರ್ ತೆಗೆದು ಗುಂಡಿ ತಿರುವಿದ. ಪರದೆ ಬೆಳಗಲಿಲ್ಲ. ಮತ್ತೆ ತಿರುವಿದ. ಮೀಟರಿನೊಳಗಿನ ಬ್ಯಾಟರಿ ಮುಗಿದಿತ್ತು.

ಕಾಕಾ (ನಗುತ್ತ): ಇದಕ್ಕ ಎಲ್‌ಸಿ ಸಿಕ್ಕದ ನೋಡು.

ಕಾಕು: ಆ ಕಿಡಕಿ ಕಡೀದು ಪ್ಲಸ್ಸು. ಅದಕ್ಕೇ ಬಿಳಿ ಪುಡಿ ಬೆಳೀತದ. ತಿಂಗಳಿಗೊಮ್ಮೆ ವರಸಾಕಿ ನಾನೇ.

ಹುಡುಗ: ಪುಡಿ ನೋಡಿ ಹೇಳಬಾರದು ಕಾಕು. ಎರಡೂ ಕಡಿ ಬರಬಹುದು.

ಕಾಕಾರಿಗೆ ಕಣ್ಣಿನ ಪೊರೆ. ಪ್ಲಾಸ್ಟಿಕ್ಕಿನ ಮೇಲೆ ಉಬ್ಬಿ ನಿಂತ ಗುರುತು ಅವರಿಗೆ ಕಾಣಿಸುವುದಿಲ್ಲ. ಒಂದೇ ಬೆರಳನ್ನು ಟರ್ಮಿನಲ್ಲಿನ ಬುಡದಲ್ಲಿ ಆಡಿಸಿದರು, ಆಮೇಲೆ ಇನ್ನೊಂದರ ಬುಡದಲ್ಲಿ. ಒಂದು ಕಡೆ ಬೆರಳು ಅಡ್ಡ ಮಾತ್ರ ಹೋಯಿತು, ಇನ್ನೊಂದು ಕಡೆ ಅಡ್ಡ ಹೋಗಿ ಉದ್ದಕ್ಕೂ ಹೋಯಿತು. ಕಾಕು ಹೇಳಿದ್ದೇ ಸರಿಯಾಗಿತ್ತು. ಹುಡುಗ ಕನ್ನಡಕ ಏರಿಸಿಕೊಂಡು ಅಡಿಗೆ ಸೋಡಾ ಕಲಸಿದ ನೀರನ್ನು ಆ ಬಿಳಿ ಪುಡಿಯ ಮೇಲೆ ಹನಿಸಿದ, ಅದು ಬುಸುಬುಸು ನೊರೆಯಿತು. ತೇಜಾಬಿನ ವಾಸನೆ ಮೂಗಿಗೆ ಬಂತು. ಚಿಂದಿಯಿಂದ ಒರೆಸಿ ಮೈನಸ್ಸಿನ ನಟ್ ಬಿಚ್ಚಿದ. ವಾಯರಿನ ತುದಿಯನ್ನು ಹಿಂದಕ್ಕೆ ಬಗ್ಗಿಸಿ, ಅದಕ್ಕೆ ಹಳೆಯ ಸೈಕಲ್ ಟ್ಯೂಬಿನ ತುಂಡು ತೊಡಿಸಿದ. ಅಷ್ಟಾದಮೇಲೆ ಪ್ಲಸ್. ಕಿಡಿ ಹಾರಲಿಲ್ಲ. ಐವತ್ತು ಕಿಲೋಗೂ ಹೆಚ್ಚು ತೂಗುವ ಆ ಡಬ್ಬಿಯನ್ನು ವಾಲಿಸದೆ, ಇಬ್ಬರೂ ಉಸಿರು ಬಿಗಿಹಿಡಿದು ಅಂಗಳಕ್ಕೆ ತಂದರು.

ಹುಡುಗ: ಈ ತಕರಾರೆಲ್ಲ ಸೀಸದ ಬ್ಯಾಟರಿದು ಕಾಕಾ. ಲಿಥಿಯಂ ಹಾಕಸ್ರಿ ಅಂತ ಹೋದ ವರ್ಷನೇ ಹೇಳೀನಿ. ನೀರ್ ಹಾಕೋದಿಲ್ಲ, ತೇಜಾಬ್ ಇಲ್ಲ, ವಾಸನಿ ಇಲ್ಲ. ಒಳಗ ಬಿಎಂಎಸ್ ಅಂತ ಒಂದು ಬೋರ್ಡ್ ಇರತದ, ತಪ್ಪಾದ್ರ ತಾನೇ ಕಡೀತದ. ಜಹೀರಾಬಾದಿನಾಗೇ ಇಲೆಕ್ಟ್ರಿಕ್ ಆಟೋ ತಯಾರಾಗ್ತಾವ, ಅದರಾಗ ಇರೋದು ಅದೇ.

ಕಾಕಾ: ಬೋರ್ಡ್ ಕಡದ್ರ ಒಳಗಿಂದು ಸಾಯ್ತದೇನು?

ಹುಡುಗ: ಇಲ್ರಿ. ಬಾಗಲಾ ಹಾಕತದ ಅಷ್ಟೇ. ಒಳಗಿನ ಸೆಲ್ ತುಂಬಿದ್ದಂಗೇ ಇರತಾವ.

ಕಾಕಾ: ನಿಜಾಮಾಬಾದಿನಾಗ 2022ರ ಏಪ್ರಿಲ್‌ನಾಗ ಏನಾಯ್ತು? ಸ್ಕೂಟರಿನ ಬ್ಯಾಟರಿ ಬಿಚ್ಚಿ ತಂದು ರಾತ್ರಿ ಮನ್ಯಾಗ ಚಾರ್ಜಿಗಿ ಹಾಕಿದ್ರು. ಅದು ಸ್ಫೋಟ ಆಗಿ ಎಂಬತ್ತು ವರ್ಷದ ಮುದುಕ ಹೋದ. ಅದೇ ವರ್ಷ ಸೆಪ್ಟೆಂಬರಿನಾಗ ಸಿಕಂದರಾಬಾದಿನಾಗ, ತೆಳಗ ಇಲೆಕ್ಟ್ರಿಕ್ ಸ್ಕೂಟರಿನ ಶೋರೂಮು, ಮ್ಯಾಲ ಹೋಟ್ಲು. ಎಂಟು ಮಂದಿ. ಸೀಸದ್ದು 1859ರಾಗ ಹುಟ್ಟಿದ್ದು ಅಂತ ನೀನೇ ಹೇಳಿದ್ದಿ. ಅದರ ದುರ್ಗುಣ ಅಷ್ಟೂ ಊರಿಗಿ ಗೊತ್ತವ. ನಿಂದು ಪ್ಯಾಟಿಗಿ ಬಂದಿದ್ದೇ 1991ರಾಗ.

ಹುಡುಗ: ಅವೆರಡೂ ಆದ ವರ್ಷನೇ ಗಾಡಿ ಬ್ಯಾಟರಿ ಪರೀಕ್ಷಾದ ನಿಯಮ ಬಿಗಿ ಮಾಡ್ಯಾರ, 2022ರ ಡಿಸೆಂಬರಿನಿಂದ. ಮನಿ ಸೋಲಾರಿಗಿ ಬರೋದು ಬ್ಯಾರೆ ನಮೂನಿ ಲಿಥಿಯಂ, ಅಷ್ಟು ಲಗೂ ಉರಿ ಹಿಡಿಯಂಗಿಲ್ಲ. ಸೀಸದ ಬ್ಯಾಟರಿ ದುರ್ಗುಣ ಊರಿಗಿ ಗೊತ್ತವ ಅಂತೀರಿ. ಹಂಗಾದ್ರ ಹಳೀ ಬ್ಯಾಟರಿ ಕಬಾಡಿಯಂವಗ ತೂಕಕ್ಕ ಯಾಕ ಮಾರ್ತಾರ? ಅಂವ ತೇಜಾಬ್ ಗಟಾರಕ್ಕ ಚೆಲ್ಲಿ ಸೀಸ ಕಾಸ್ತಾನ. ತಿರುಗಿ ತಗೋಬೇಕಾದ್ದು ಮಾಡಿದ ಕಂಪನಿ ಜವಾಬ್ದಾರಿ ಅಂತ 2022ರಾಗೇ ನಿಯಮ ಆಗ್ಯದ.

ಕಾಕಾ: ಅದು ಖರೆ. ಹೋದ ಸಲದ್ದು ನಾನೂ ಕಬಾಡಿಗೇ ಹಾಕೀನಿ.

ಇದನ್ನು ಅವರು ಹೇಳಿದ ರೀತಿ ಕೇಳಿ ಹುಡುಗನೇ ದನಿ ತಗ್ಗಿಸಿದ.

ಹುಡುಗ: ನನ್ನ ಮಾತು ಇಷ್ಟೇ ಕಾಕಾ. ಡಬ್ಬಿ ಸೀಲ್ ಇರಲಿ, ಹೊರಗ ಒಂದೇ ಹಿಡಿಕಿ ಇರಲಿ. ಬೆಂಕಿ ಕಂಡ್ರ, ಮನಿಯೊಳಗ ನೀರು ಹೊಕ್ಕರ ಅದನ್ನ ತಿರುವಿ ಹೊರಗ ಓಡಬೇಕು. ಬಿಚ್ಚೋದು ಕಲತವರ ಕೆಲಸ.

ಕಾಕಾ: ಜಹೀರಾಬಾದಿನ ಹತ್ತಿರದ ಪಸ್ತಾಪುರದ ಸಂಘದ ಹೆಂಗಸರನ್ನ ನೋಡೀದಿಯಲ್ಲ? ಸಾಲಿ ಮುಖ ನೋಡದವರೇ ಹೆಚ್ಚು. 2008ರಿಂದ ಮಾಚನೂರಿನಾಗ ತಾವೇ ರೇಡಿಯೋ ನಡಸ್ಲತ್ತಾರ. ಮೈಕು, ಮಿಕ್ಸರು ಎಲ್ಲಾ ಅವರ ಕೈಯಾಗೇ. ಅವರಿಗಿ ಮಷೀನ್ ಬರ್ತದಂದ್ರ ನಿಮ್ಮ ಕಾಕುಗ ಒಂದು ನಟ್ ಬರಂಗಿಲ್ಲೇನು? ಕಲತವರು ಬರೂತನಾ ಮನ್ಯಾಗ ಇರಾಕಿ ಅಕಿನೇ.

ಹುಡುಗ: ರೇಡಿಯೋ ತಪ್ಪಾದ್ರ ಸದ್ದು ನಿಲ್ತದ. ಇದು ತಪ್ಪಾದ್ರ?

ಕಾಕು: ನನ್ನ ಬಗ್ಗಿ ಮಾತಾಡ್ಲತ್ತೀರಿ, ನನ್ನ ಕೇಳವಲ್ರಿ. ನನಗ ನಟ್ ಬಿಚ್ಚಲಾಕ ಬ್ಯಾಡ. ಓಡಿ ಹೋಗಲಾಕೂ ಬ್ಯಾಡ, ಒಳಗ ಮೊಮ್ಮಗ ಮಲಗಿರ್ತಾನ. ಮೊದಲ ಯಾವುದು, ಆಮ್ಯಾಲ ಯಾವುದು, ಎಲ್ಲಿಗಿ ಬಂದು ಕೈ ನಿಲ್ಲಸಬೇಕು, ಅಷ್ಟು ಗೋಡಿ ಮ್ಯಾಲ ಬರದು ಕೊಡ್ರಿ. ಡಬ್ಬಿ ಮ್ಯಾಲಿಂದೆಲ್ಲಾ ಇಂಗ್ಲೀಷಿನಾಗ ಅದ.

ಅದೊಂದಕ್ಕೆ ಇಬ್ಬರೂ ಒಪ್ಪಿದರು. ಒಪ್ಪಿದ ಮೇಲೆ ಹೊಸ ಜಗಳ ಸುರುವಾಯಿತು: ಯಾವ ಭಾಷೆಯಲ್ಲಿ? ಕಾಕುಗೆ ಓದಲು ಬರುವುದು ಕನ್ನಡ. ಮೊಮ್ಮಗನ ಶಾಲೆ ಇಂಗ್ಲಿಷಿನದು, ಆಡುವ ಗೆಳೆಯರದು ತೆಲುಗು. ಮಾಳಿಗೆಯ ಮೇಲಿನ ಬಾಡಿಗೆಯವರೂ ತೆಲುಗಿನವರೇ, ಅವರ ದೀಪಗಳೂ ಇದೇ ಡಬ್ಬಿಯಿಂದ ಉರಿಯುತ್ತವೆ. ಉರ್ದೂನಲ್ಲಿ ಬರೆದರೆ ತನಗೂ ಓದಲು ಬರುತ್ತದೆ ಎಂದ ಸುಣ್ಣದವನು, ಯಾರೂ ಕೇಳದೆಯೇ. ಕಡೆಗೆ ಹಸಿ ಸುಣ್ಣ ಒಣಗಲಿ ಎಂದು ಒಂದು ರಟ್ಟಿನ ಮೇಲೆ ಹುಡುಗ ಬರೆಯತೊಡಗಿದ. ಕನ್ನಡ ಮತ್ತು ತೆಲುಗಿನ ಅಕ್ಷರಗಳು ಹೇಗೂ ಅಕ್ಕತಂಗಿಯರು. 1, 2, 3 ಎಂದು ಅಂಕಿ ಹಾಕಿ, ಪ್ರತಿಯೊಂದರ ಪಕ್ಕ ಆ ಸ್ವಿಚ್ಚಿನ ಚಿತ್ರ ತೆಗೆದ. ನಾಲ್ಕನೆಯದು ಬ್ಯಾಟರಿ, ಅದರ ಮೇಲೆ ದೊಡ್ಡ ಕಾಟು. ಕಾಕಾ ಆ ಕಾಟನ್ನು ಬಹಳ ಹೊತ್ತು ನೋಡಿದರು, ಏನೂ ಹೇಳಲಿಲ್ಲ. ಐದನೆಯ ಸಾಲಿನಲ್ಲಿ ‘ಫೋನ್ ಮಾಡಿ’ ಎಂದು ಬರೆದು ಹುಡುಗ ತಲೆ ಎತ್ತಿದ.

ಹುಡುಗ: ಯಾರ ನಂಬರ್ ಹಾಕ್ಲಿ?

ಕಾಕಾ: ನಿಂದೇ ಹಾಕು.

ಹುಡುಗ: ನಾ ತಾಂಡೂರಿನಾಗ ಇರ್ತೀನಿ.

ಕಾಕಾ: ಹಂಗಾದ್ರ ನಂದು.

ಕಾಕು: ನಿಮ್ಮ ಫೋನ್ ಗೂಡಿನಾಗೇ ಇರತದ, ನೀವು ಹೊಲದಾಗ ಇರ್ತೀರಿ.

ಆ ಸಾಲಿನ ಮುಂದೆ ಜಾಗ ಹಾಗೇ ಉಳಿಯಿತು. ಮೊಮ್ಮಗ ಎಲ್ಲಿಂದಲೋ ಒಂದು ಸ್ಟೀಲ್ ಚಮಚ ಹಿಡಿದು ಅಂಗಳಕ್ಕೆ ಬಂದ. ಕಾಕು ಅವನನ್ನು ಒಂದು ಕೈಯಲ್ಲಿ ಎತ್ತಿಕೊಂಡು, ಇನ್ನೊಂದು ಕೈಯಿಂದ ಜೋಳದ ಬುಟ್ಟಿಯನ್ನು ಬ್ಯಾಟರಿಯ ಮೇಲೆ ಬೋರಲು ಹಾಕಿ ಮೇಲೊಂದು ಫರಸಿ ತುಂಡು ಇಟ್ಟರು, ಬೆಕ್ಕಿನಿಂದ ಹಾಲು ಕಾಯುವವರ ಹಾಗೆ.

ಗೋಡೆ ಒಣಗಲೆಂದು ಒಳಗೆ ಹಚ್ಚಿದ್ದ ಟೇಬಲ್ ಫ್ಯಾನ್ ನಿಧಾನವಾಗಿ ನಿಂತಿತು. ಕರೆಂಟ್ ಹೋಗಿತ್ತು. ಮೂವರೂ ರೂಢಿಯಂತೆ ಜಗಲಿಯ ಪಕ್ಕದ ಮೂಲೆಯತ್ತ ತಿರುಗಿ ನೋಡಿದರು.